ಎಚ್‌ಡಿ 650 ಮತ್ತು ಸುಸ್ವರಾ: ಎರಡಕ್ಕೂ ಒಂದೇ ಆಂಪ್ ಸಾಲುತ್ತಾ?

ಶ್ರುತಿಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಸದ್ಯ ಇರೋ ಹೆಡ್‌ಫೋನ್ ಸೆನ್‌ಹೈಸರ್ ಎಚ್‌ಡಿ 650, ಅದರ ಇಂಪೀಡೆನ್ಸ್ (ಕರೆಂಟಿಗೆ ಒಡ್ಡೋ ತಡೆ) 300 ಓಮ್. ಸೆಕೆಂಡ್‌ಹ್ಯಾಂಡ್ ಹೈಫೈಮ್ಯಾನ್ ಸುಸ್ವರಾ ಹೆಡ್‌ಫೋನ್ ಒಂದು ಕುದುರಿದೆ, ಅದು 60 ಓಮ್. ಡ್ಯಾಕ್‌ನಲ್ಲಿ (ಡಿಜಿಟಲ್ ಹಾಡನ್ನ ಅನಲಾಗ್ ಸಿಗ್ನಲ್ ಮಾಡೋ ಪೆಟ್ಟಿಗೆ) ಆರ್‌ಸಿಎ ಸಾಕೆಟ್ 2 ವೋಲ್ಟ್, ಎಕ್ಸ್‌ಎಲ್‌ಆರ್ ಸಾಕೆಟ್ 4 ವೋಲ್ಟ್ ಕೊಡುತ್ತೆ. ಕೇಳೋದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ, ಹಳೇ ರೇಡಿಯೋ ಧ್ವನಿಮುದ್ರಣಗಳು, ನಡುನಡುವೆ ಸಿನಿಮಾ ಹಾಡು. ತಗ್ಗಿನ ಬಾಸ್‌ಗೆ ಈಕ್ವಲೈಸರ್‌ನಲ್ಲಿ 6 ಡಿಬಿ ಎತ್ತಿರ್ತೀನಿ.

ಮುಂದಿರೋ ದಾರಿ ಮೂರು:

ಒಂದು, ಟ್ರಾನ್ಸಿಸ್ಟರ್ ಡೆಸ್ಕ್‌ಟಾಪ್ ಆಂಪ್. ಬ್ಯಾಲೆನ್ಸ್ಡ್ ಜಾಕ್‌ನಲ್ಲಿ (ಎಡ ಬಲಕ್ಕೆ ಪ್ಲಸ್ ಮೈನಸ್ ಬೇರೆ ಬೇರೆ ತಂತಿ ಇರೋದು) 32 ಓಮ್‌ಗೆ 3 ವ್ಯಾಟ್, 300 ಓಮ್‌ಗೆ 450 ಮಿಲಿವ್ಯಾಟ್ ಅಂತ ಬರೆದಿದ್ದಾರೆ.

ಎರಡು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಓಟಿಎಲ್ ವಾಲ್ವ್ ಆಂಪ್, 12ಎಯು7 ಮತ್ತು 6080 ಅನ್ನೋ ವಾಲ್ವ್ ಹಾಕಿರೋದು. ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪ್ ತನ್ನೊಳಗೇ ಒಡ್ಡೋ ತಡೆ, 120 ಓಮ್ ಅಂತೆ.

ಮೂರು, ಮನೆಯಲ್ಲೇ ಇರೋ ಹಳೇ ಸ್ಟೀರಿಯೋ ಆಂಪ್, 8 ಓಮ್‌ಗೆ 50 ವ್ಯಾಟ್‌ದು. ಮುಂದುಗಡೆ ಹೆಡ್‌ಫೋನ್ ಜಾಕ್ ಕೂಡ ಇದೆ.

300 ಓಮ್ ಓಡಿಸೋ ಆಂಪ್‌ಗೆ 60 ಓಮ್ ಸಲೀಸು ಅಂತ ಅಂದುಕೊಂಡಿದ್ದೆ. ಆದರೆ ಸುಸ್ವರಾಗೆ ಏನು ಹಾಕಿದರೂ ಸಾಲಲ್ಲ ಅಂತ ಎಲ್ಲ ಕಡೆ ಬರೀತಾರೆ. ಲೆಕ್ಕ ಎಲ್ಲಿ ತಪ್ತಿದೆ? ಎರಡಕ್ಕೂ ಒಂದೇ ಆಂಪ್ ಆಗುತ್ತಾ, ಬೇರೆ ಬೇರೆ ಬೇಕಾ?

ವೋಲ್ಟೇಜಪ್ಪ

ಓಮ್ ನೋಡಿ ಆಂಪ್ ಆರಿಸೋದೇ ತಪ್ಪು ಲೆಕ್ಕ. ಓಮ್ ಜೊತೆ ಸೆನ್ಸಿಟಿವಿಟಿ (ಇಷ್ಟು ವಿದ್ಯುತ್ ಕೊಟ್ಟರೆ ಎಷ್ಟು ಜೋರು ಅನ್ನೋದು) ಸೇರಿಸಿದರೆ ಮಾತ್ರ ಹೆಡ್‌ಫೋನ್‌ಗೆ ಎಷ್ಟು ವೋಲ್ಟ್ ಬೇಕು, ಎಷ್ಟು ಮಿಲಿಆಂಪ್ ಬೇಕು ಅಂತ ಗೊತ್ತಾಗೋದು. ಈ ಎರಡು ಅಂಕಿ ಕೈಗೆ ಸಿಕ್ಕಿದ ಮೇಲೆ ವ್ಯಾಟ್ ಅನ್ನೋದು ಬರೀ ಗುಣಾಕಾರ.

ಮೊದಲು ಒಂದು ಎಚ್ಚರಿಕೆ. ಸೆನ್ಸಿಟಿವಿಟಿಯನ್ನ ಕೆಲವು ಕಂಪನಿಗಳು 1 ವೋಲ್ಟ್‌ಗೆ ಹೇಳ್ತಾವೆ, ಕೆಲವು 1 ಮಿಲಿವ್ಯಾಟ್‌ಗೆ. ಎಚ್‌ಡಿ 650ಗೆ ಬರೆದಿರೋ 103 ಡಿಬಿ 1 ವೋಲ್ಟ್‌ಗೆ. ಸುಸ್ವರಾದ 83 ಡಿಬಿಯನ್ನ 1 ಮಿಲಿವ್ಯಾಟ್‌ಗೆ ಅಂತ ಹಿಡೀಬೇಕು. ಎರಡನ್ನೂ ಹಾಗೇ ಪಕ್ಕಪಕ್ಕ ಇಟ್ಟು 20 ಡಿಬಿ ವ್ಯತ್ಯಾಸ ಅಂದರೆ ಮೊದಲ ಹೆಜ್ಜೆಯಲ್ಲೇ ಎಡವಿದ ಹಾಗೆ. 60 ಓಮ್‌ನಲ್ಲಿ 1 ಮಿಲಿವ್ಯಾಟ್ ಅಂದರೆ 0.245 ವೋಲ್ಟ್. ಅಲ್ಲಿಂದ 1 ವೋಲ್ಟ್‌ಗೆ ಏರಿದರೆ 12.2 ಡಿಬಿ ಸೇರುತ್ತೆ. ಅಂದರೆ ಸುಸ್ವರಾ 1 ವೋಲ್ಟ್‌ಗೆ ಸುಮಾರು 95 ಡಿಬಿ. ವೋಲ್ಟ್ ಲೆಕ್ಕದಲ್ಲಿ ಎರಡರ ನಡುವೆ ಇರೋದು 8 ಡಿಬಿಯಷ್ಟೇ. ನಾಬ್ ಸ್ವಲ್ಪ ಜಾಸ್ತಿ ತಿರುಗಿಸಿದರೆ ಮುಗೀತು ಅನ್ನಿಸುತ್ತೆ ಅಲ್ವಾ? ಮೋಸ ಆಗೋದು ಕರೆಂಟಿನಲ್ಲಿ.

ಎಷ್ಟು ಡಿಬಿವರೆಗೆ ಜಾಗ ಬೇಕು ಅನ್ನೋದು ಮುಂದಿನ ಪ್ರಶ್ನೆ. ಗಾಯನವನ್ನ ಸರಾಸರಿ 80 ಡಿಬಿಯಲ್ಲಿ ಕೇಳ್ತೀರಿ ಅಂತ ಇಟ್ಕೊಳ್ಳಿ. ಆಲಾಪ ನಡೀತಿರುವಾಗ ತಬಲಾ ಸೇರಿತು ಅಂದರೆ ಅದರ ಪೆಟ್ಟು ಸರಾಸರಿಗಿಂತ 20 ಡಿಬಿ ಮೇಲಕ್ಕೆ ಚಿಮ್ಮಬಹುದು. ಅಲ್ಲಿಗೆ 100. ಈಕ್ವಲೈಸರ್‌ನಲ್ಲಿ 6 ಡಿಬಿ ಎತ್ತಿದ್ದೀರಿ, ಡಿಜಿಟಲ್‌ನಲ್ಲಿ ಕ್ಲಿಪ್ ಆಗದಿರಲಿ (ಅಲೆಯ ತುದಿ ಕತ್ತರಿಸಿ ಹೋಗದಿರಲಿ) ಅಂತ ಈಕ್ವಲೈಸರ್‌ನ ಪ್ರೀಆಂಪ್ ಮಟ್ಟವನ್ನ ಮೈನಸ್ 6ಕ್ಕೆ ಇಟ್ಟೇ ಇರ್ತೀರಿ, ಆ 6 ಡಿಬಿಯನ್ನ ಆಂಪ್ ತುಂಬಬೇಕು. ಹಳೇ ರೇಡಿಯೋ ಮುದ್ರಣಗಳ ಮಟ್ಟ ತಗ್ಗಿರುತ್ತೆ, ಅದಕ್ಕೆ ಇನ್ನೊಂದಿಷ್ಟು. ಹೀಗಾಗಿ 110 ಕನಿಷ್ಠ, 115 ಇದ್ದರೆ ನಿಶ್ಚಿಂತೆ. ಇದು ಆಂಪ್‌ನ ತಾಕತ್ತಿನ ಗಡಿ, ಕೇಳೋ ಮಟ್ಟ ಅಲ್ಲ. ಕಿವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 40 ಗಂಟೆ, 80 ಡಿಬಿ. ಮೇಲೆ ಪ್ರತಿ 3 ಡಿಬಿಗೂ ಹೊತ್ತು ಅರ್ಧ.

ಈಗ ಅಂಕಿ.

ಎಚ್‌ಡಿ 650, 110 ಡಿಬಿಗೆ: 2.2 ವೋಲ್ಟ್, 7.5 ಮಿಲಿಆಂಪ್, 17 ಮಿಲಿವ್ಯಾಟ್.
ಎಚ್‌ಡಿ 650, 115 ಡಿಬಿಗೆ: 4 ವೋಲ್ಟ್, 13 ಮಿಲಿಆಂಪ್, 53 ಮಿಲಿವ್ಯಾಟ್.
ಸುಸ್ವರಾ, 110 ಡಿಬಿಗೆ: 5.5 ವೋಲ್ಟ್, 91 ಮಿಲಿಆಂಪ್, 500 ಮಿಲಿವ್ಯಾಟ್.
ಸುಸ್ವರಾ, 115 ಡಿಬಿಗೆ: 9.75 ವೋಲ್ಟ್, 163 ಮಿಲಿಆಂಪ್, 1.6 ವ್ಯಾಟ್.

ವೋಲ್ಟ್ ಎರಡೂವರೆ ಪಟ್ಟು, ಕರೆಂಟು 12 ಪಟ್ಟು, ವ್ಯಾಟ್ 30 ಪಟ್ಟು. ಎಚ್‌ಡಿ 650 ಕೇಳೋದು ವೋಲ್ಟ್ ಮಾತ್ರ, ಕರೆಂಟು ಹೆಸರಿಗಷ್ಟೇ. ಸುಸ್ವರಾಗೆ ಎರಡೂ ಬೇಕು, ಒಂದೇ ಹೊತ್ತಿಗೆ ಬೇಕು. ನಿಮ್ಮ ಲೆಕ್ಕ ತಪ್ಪಿದ್ದು ಇಲ್ಲೇ.

ಬೆಲೆಗೂ ಇದಕ್ಕೂ ಸಂಬಂಧ ಇಲ್ಲ ಅನ್ನೋದಕ್ಕೆ ಫೋಕಲ್ ಯುಟೋಪಿಯಾ ನೋಡಿ. 80 ಓಮ್, 1 ಮಿಲಿವ್ಯಾಟ್‌ಗೆ 104 ಡಿಬಿ. 115 ಡಿಬಿಗೆ ಬೇಕಾಗೋದು 1 ವೋಲ್ಟ್, 12.5 ಮಿಲಿಆಂಪ್. ಆಪಲ್‌ನ ಪುಟಾಣಿ ಯುಎಸ್‌ಬಿ-ಸಿ ಡಾಂಗಲ್ ಕೊಡೋದೂ 1 ವೋಲ್ಟೇ, ಯುರೋಪಿನ ಆವೃತ್ತಿ ಆಗಿರಬಾರದು ಅಷ್ಟೇ, ಅದರಲ್ಲಿ ಅರ್ಧ.

ಇನ್ನು ನಿಮ್ಮ ಮೊದಲನೇ ಆಂಪ್. ಡಬ್ಬದ ಮೇಲಿನ ವ್ಯಾಟನ್ನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟ್. 450 ಮಿಲಿವ್ಯಾಟ್, 300 ಓಮ್: 11.6 ವೋಲ್ಟ್. 3 ವ್ಯಾಟ್, 32 ಓಮ್: 9.8 ವೋಲ್ಟ್, 306 ಮಿಲಿಆಂಪ್. ಲೋಡ್ ತಗ್ಗಿದಾಗ ವೋಲ್ಟ್ 11.6ರಿಂದ 9.8ಕ್ಕೆ ಇಳೀತು, ಕುಸಿದು ಬೀಳಲಿಲ್ಲ. ಇದು ಒಳ್ಳೇ ಲಕ್ಷಣ. 60 ಓಮ್ ಈ ಎರಡರ ಮಧ್ಯೆ ಬರುತ್ತೆ, 11 ವೋಲ್ಟ್ ಅಂತ ಇಟ್ಟುಕೊಂಡರೆ 2 ವ್ಯಾಟ್, ಸುಸ್ವರಾದಲ್ಲಿ 116 ಡಿಬಿ. ಸಾಕು, ಧಾರಾಳ ಏನಲ್ಲ. ಇದು ಬ್ಯಾಲೆನ್ಸ್ಡ್ ಜಾಕ್‌ನ ಅಂಕಿ ಅನ್ನೋದನ್ನ ಮರೀಬೇಡಿ. ಅದೇ ಆಂಪ್‌ನ ಸಾದಾ 6.35 ಎಂಎಂ ಜಾಕ್‌ನಲ್ಲಿ ವೋಲ್ಟ್ ಅರ್ಧ ಆಗುತ್ತೆ, ಅಂದರೆ 110 ಡಿಬಿ. ಈಕ್ವಲೈಸರ್ ಜೊತೆಗೆ ಅದು ಬಿಗಿ.

32 ಓಮ್‌ನ ವ್ಯಾಟ್ ಒಂದನ್ನೇ ದೊಡ್ಡಕ್ಷರದಲ್ಲಿ ಹಾಕಿ 300ರ ಅಂಕಿ ಕೊಡದ ಆಂಪ್ ಆದರೆ ಕೊಳ್ಳೋ ಮುಂಚೆ ಕೇಳಿ ತಿಳ್ಕೊಳ್ಳಿ. ಎರಡು ಅಂಕಿ ಇಲ್ಲದೆ ಅದು ವೋಲ್ಟ್‌ನಲ್ಲಿ ನಿಲ್ಲುತ್ತಾ ಕರೆಂಟಿನಲ್ಲಿ ನಿಲ್ಲುತ್ತಾ ಅಂತ ಗೊತ್ತಾಗಲ್ಲ.

ಬೆಸುಗೆಕಡ್ಡಿ

ವೋಲ್ಟೇಜಪ್ಪನವರ ಲೆಕ್ಕಕ್ಕೆ ಜೋಡಿಸಿ, ಓಟಿಎಲ್ ಬಗ್ಗೆ.

ಈ ನಮೂನೆ ಆಂಪ್‌ನಲ್ಲಿ 6080ರ ಎರಡು ಅರ್ಧಗಳು ಎಡ ಬಲಕ್ಕೆ ಒಂದೊಂದು, ಕ್ಯಾಥೋಡ್ ಫಾಲೋವರ್ (ವೋಲ್ಟ್ ಹೆಚ್ಚಿಸದೆ ಕರೆಂಟು ಮಾತ್ರ ಒದಗಿಸೋ ಜೋಡಣೆ) ಆಗಿ ನಿಂತಿರ್ತವೆ. ಕ್ಲಾಸ್ ಎ, ಅಂದರೆ ಸದ್ದಿಲ್ಲದಾಗಲೂ ಕರೆಂಟು ಹರೀತಾನೇ ಇರುತ್ತೆ, ಒಂದೇ ವಾಲ್ವ್. ಸುಮ್ಮನಿದ್ದಾಗ ಹರಿಯೋ ಕರೆಂಟಿಗಿಂತ ಹೆಚ್ಚಿನ ಪೀಕ್ ಕರೆಂಟನ್ನ ಅದು ಶುದ್ಧವಾಗಿ ಕೊಡೋಕೆ ಆಗಲ್ಲ. ಆ ನಿಂತ ಕರೆಂಟು 35 ಮಿಲಿಆಂಪ್ ಅಂತ ಹಿಡಿದರೆ, ಆರ್‌ಎಂಎಸ್ (ಪರಿಣಾಮಕಾರಿ ಸರಾಸರಿ) ಲೆಕ್ಕದಲ್ಲಿ 25. ಎಚ್‌ಡಿ 650ಗೆ ಬೇಕಾಗಿರೋದು 13, ಆರಾಮ. ಸುಸ್ವರಾದಲ್ಲಿ 25 ಮಿಲಿಆಂಪ್ ಅಂದರೆ 1.5 ವೋಲ್ಟ್, 37 ಮಿಲಿವ್ಯಾಟ್, 99 ಡಿಬಿಗೆ ಮುಗೀತು. ಅದರಾಚೆ ತಬಲಾದ ಪೆಟ್ಟು ಪೆಟ್ಟಾಗಿ ಉಳಿಯಲ್ಲ, ಒಡೆದು ಬರುತ್ತೆ. ನಾಬ್ ಎಷ್ಟು ತಿರುಗಿಸಿದರೂ ಕೊಳಕು ಹೆಚ್ಚುತ್ತೆ, ಶಕ್ತಿ ಬರಲ್ಲ. ಸುಸ್ವರಾಗೆ ಓಟಿಎಲ್ ಮರೆತುಬಿಡಿ.

ಎಚ್‌ಡಿ 650ಗೆ ಅದು ಬೇರೆ ಕಥೆ. ಈ ಹೆಡ್‌ಫೋನ್ ಹೆಸರಿಗೆ 300 ಓಮ್, ಆದರೆ 100 ಹರ್ಟ್ಸ್ ಸುತ್ತ ಡ್ರೈವರ್‌ನ ಅನುರಣನ ಇರೋ ಕಡೆ ಇಂಪೀಡೆನ್ಸ್ 500 ಓಮ್ ಹತ್ತಿರಕ್ಕೆ ಏರುತ್ತೆ. ಮುಂದೆ 120 ಓಮ್ ಸಾಲಾಗಿ ಕೂತಿದೆ. 300 ಓಮ್ ಇರೋ ಜಾಗದಲ್ಲಿ 2.9 ಡಿಬಿ ಕಳೆದುಹೋಗುತ್ತೆ, 500 ಇರೋ ಜಾಗದಲ್ಲಿ 1.9 ಮಾತ್ರ. ಅಂದರೆ ಬಾಸ್ ಮೇಲ್ಭಾಗ 1 ಡಿಬಿ ಉಬ್ಬುತ್ತೆ. ವಾಲ್ವ್‌ನ ಬೆಚ್ಚನೆ ದನಿ ಅಂತ ಹೊಗಳೋದರಲ್ಲಿ ದೊಡ್ಡ ಪಾಲು ಈ 1 ಡಿಬಿಯದು. ಬೇಡ ಅಂತಲ್ಲ. ತಂಬೂರಿಯ ಷಡ್ಜಕ್ಕೆ, ಗಂಡು ದನಿಯ ಮಂದ್ರಕ್ಕೆ ಚೆನ್ನಾಗಿ ಒಪ್ಪುತ್ತೆ. ಆದರೆ ಅದೇ 1 ಡಿಬಿಯನ್ನ ಈಕ್ವಲೈಸರ್‌ನಲ್ಲಿ ಪುಕ್ಕಟೆ ಹಾಕಬಹುದು ಅನ್ನೋದು ಗೊತ್ತಿದ್ದು ದುಡ್ಡು ಕೊಡಿ.

ಸುಸ್ವರಾದಂಥ ಪ್ಲೇನಾರ್ (ಚಪ್ಪಟೆ ಪೊರೆಯ) ಹೆಡ್‌ಫೋನ್‌ಗಳಲ್ಲಿ ಇಂಪೀಡೆನ್ಸ್ ಗೆರೆ ಎಳೆದ ಹಾಗೆ ನೇರ. ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿಯಾದರೂ ದನಿಯ ಬಣ್ಣ ಬದಲಾಗಲ್ಲ, ಮಟ್ಟ ಬೀಳುತ್ತೆ ಅಷ್ಟೇ. 120 ಓಮ್ ಮುಂದೆ ಸುಸ್ವರಾ 9.5 ಡಿಬಿ ಕಳ್ಕೊಳ್ಳುತ್ತೆ. ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನ್‌ದರ ಎಂಟನೇ ಒಂದು ಭಾಗ ಮೀರಬಾರದು ಅನ್ನೋ ನಿಯಮ ಅಂತ ಎಲ್ಲರೂ ಒಪ್ಪಿಸ್ತಾರಲ್ಲ, ಅದು ನಿಜವಾಗಿ ಬೇಕಿರೋದು ಇಂಪೀಡೆನ್ಸ್ ಏರಿಳಿಯೋ, ಎಚ್‌ಡಿ 650ಯಂಥ ಡೈನಮಿಕ್ ಹೆಡ್‌ಫೋನ್‌ಗೆ. ಅದಕ್ಕಿಂತ ಹೆಚ್ಚಾಗಿ ಒಳಗೆ ನಾಲ್ಕೈದು ಆರ್ಮೇಚರ್ (ಪುಟಾಣಿ ಡ್ರೈವರ್) ಇರೋ ಇಯರ್‌ಫೋನ್‌ಗೆ, ಅವಕ್ಕೆ 1 ಓಮ್ ಕೂಡ ಜಾಸ್ತಿ.

ಓಟಿಎಲ್ ತಗೊಂಡರೆ ಗಮನಿಸೋದು: ಸ್ವಿಚ್ ಹಾಕಿ ಒಂದು ನಿಮಿಷ ಬಿಟ್ಟು ಹೆಡ್‌ಫೋನ್ ಚುಚ್ಚಿ, ಆರಿಸೋ ಮುಂಚೆ ತೆಗೀರಿ. ಔಟ್‌ಪುಟ್ ಕೆಪ್ಯಾಸಿಟರ್ ತುಂಬುವಾಗ ಜಾಕ್‌ನಲ್ಲಿ ವೋಲ್ಟ್ ಜಿಗಿಯುತ್ತೆ. ಹಳೇ ಆಂಪ್ ಆದರೆ ಬಿಸಿಯಾದ ಮೇಲೆ ಹೆಡ್‌ಫೋನ್ ಹಾಕದೆ ಜಾಕ್‌ನಲ್ಲಿ ಡಿಸಿ ಅಳೆಯಿರಿ. 10–20 ಮಿಲಿವೋಲ್ಟ್ ಒಳಗಿದ್ದರೆ ಸರಿ. 50 ದಾಟಿದರೆ ಕೆಪ್ಯಾಸಿಟರ್ ಸೋರ್ತಿದೆ, ಹೆಡ್‌ಫೋನ್ ಹಾಕಬೇಡಿ. ಒಳಗೆ 150 ವೋಲ್ಟ್‌ಗೂ ಮೇಲೆ ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತೆ. 6080ರ ಫಿಲಮೆಂಟ್ ಒಂದೇ 6.3 ವೋಲ್ಟ್, 2.5 ಆಂಪ್, ಅಂದರೆ 16 ವ್ಯಾಟ್ ಶಾಖ. ಮುಚ್ಚಿದ ಶೆಲ್ಫ್‌ನಲ್ಲಿ ಇಡೋ ಹಾಗಿಲ್ಲ.

ಶ್ರುತಿಪೆಟ್ಟಿಗೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ಓಟಿಎಲ್ ಪಟ್ಟಿಯಿಂದ ಹೊರಗೆ. ಹಳೇ ಸ್ಟೀರಿಯೋ ಆಂಪ್‌ನ ಸ್ಪೀಕರ್ ಟರ್ಮಿನಲ್‌ಗೇ ಸುಸ್ವರಾ ಹಾಕ್ತಾರಂತೆ, ಅದು ಸುರಕ್ಷಿತವಾ? ಕೇಬಲ್ ನಾನೇ ಬೆಸುಗೆ ಹಾಕೋದಾದರೆ ಯಾವ ಪಿನ್‌ಗೆ ಯಾವ ತಂತಿ?

ಕಿವಿಮಾತು

ಆಗ್ತದೆ ಮಾರಾಯ್ರೆ, ಆದರೆ ಕಣ್ಣು ಬಿಟ್ಟುಕೊಂಡು ಮಾಡ್ಬೇಕು.

ಮೊದಲು ಆ ಮುಂದುಗಡೆಯ ಹೆಡ್‌ಫೋನ್ ಜಾಕ್ ವಿಚಾರ. ಹಳೇ ಸ್ಟೀರಿಯೋಗಳಲ್ಲಿ ಅದಕ್ಕೆ ಬೇರೆ ಆಂಪ್ ಇರುವುದಿಲ್ಲ. ಸ್ಪೀಕರ್ ಔಟ್‌ಪುಟ್‌ಗೇ 220ರಿಂದ 470 ಓಮ್ ರೆಸಿಸ್ಟರ್ ಸಾಲಾಗಿ ಹಾಕಿ ಜಾಕ್‌ಗೆ ತಂದಿರ್ತಾರೆ. ನಿಮ್ಮದರಲ್ಲಿ 330 ಓಮ್ ಇದೆ ಅಂತ ಹಿಡಿಯುವ. 50 ವ್ಯಾಟ್ ಅಂದರೆ 20 ವೋಲ್ಟ್, ಅದರಲ್ಲಿ ಸುಸ್ವರಾಕ್ಕೆ ಸಿಗುವುದು 3 ವೋಲ್ಟ್, 105 ಡಿಬಿ. ಸಾಲ್ದು. ಎಚ್‌ಡಿ 650ಗೆ 9.5 ವೋಲ್ಟ್ ಸಿಗ್ತದೆ, ಬೇಕಾದಷ್ಟಾಯ್ತು, ಆದರೆ ಬೆಸುಗೆಕಡ್ಡಿಯವರು ಹೇಳಿದ ಬಾಸ್ ಉಬ್ಬು ಇಲ್ಲಿ 2 ಡಿಬಿ ಆಗ್ತದೆ. ಅದು ಸ್ವಲ್ಪ ಮಂಕು ಮಂಕಾಗಿ ಕೇಳ್ತದೆ.

ಹಿಂದಿನ ಸ್ಪೀಕರ್ ಟರ್ಮಿನಲ್‌ನಲ್ಲಿ ಪೂರ್ತಿ 20 ವೋಲ್ಟ್ ಉಂಟು. ಸುಸ್ವರಾದಲ್ಲಿ ಅದು 6.7 ವ್ಯಾಟ್, 121 ಡಿಬಿ. ಶಕ್ತಿಯ ಕೊರತೆ ಇಲ್ಲ, ಅತಿಯಾಗುವುದೇ ಭಯ. ತೊಂದರೆ ಬರುವುದು ಮೂರು ಕಡೆ.

ನಾಬ್ ಎಂಟು–ಒಂಬತ್ತು ಗಂಟೆಯ ಜಾಗ ದಾಟುವುದೇ ಇಲ್ಲ. ಹಳೇ ಪಾಟ್‌ಗಳಲ್ಲಿ (ನಾಬ್‌ನ ಹಿಂದಿನ ವಾಲ್ಯೂಮ್ ಕಂಟ್ರೋಲ್) ಆ ಕೊನೆಯಲ್ಲಿ ಎಡ ಬಲ ಸಮ ಇರುವುದಿಲ್ಲ, ಗಾಯಕ ಒಂದು ಕಿವಿಗೆ ಸರಿದು ಕೂತ ಹಾಗೆ ಆಗ್ತದೆ. ಡ್ಯಾಕ್‌ನ ಡಿಜಿಟಲ್ ವಾಲ್ಯೂಮ್ 15 ಡಿಬಿ ಇಳಿಸಿ. 24 ಬಿಟ್‌ನಲ್ಲಿ ಅಷ್ಟು ಇಳಿಸಿದರೆ ಏನೂ ಹಾಳಾಗುವುದಿಲ್ಲ.

ಎರಡನೆಯದು ಸದ್ದು. ಸ್ಪೀಕರ್ ಆಂಪ್‌ನಲ್ಲಿ ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) 25 ಪಟ್ಟಿಗೂ ಜಾಸ್ತಿ ಇರ್ತದೆ. ಔಟ್‌ಪುಟ್‌ನಲ್ಲಿ ಅರ್ಧ ಮಿಲಿವೋಲ್ಟ್ ಸೊಯ್ಯನೆ ಸದ್ದು ಇದ್ದರೆ ಸುಸ್ವರಾದಲ್ಲಿ ಅದು 29 ಡಿಬಿ, ರಾತ್ರಿ ನಿಶ್ಶಬ್ದದಲ್ಲಿ ಮಾತ್ರ ಗೊತ್ತಾದೀತು. ಅದೇ ಟರ್ಮಿನಲ್‌ಗೆ ಎಚ್‌ಡಿ 650 ಹಾಕಿದರೆ 37 ಡಿಬಿ, ಖಂಡಿತ ಕೇಳ್ತದೆ. ಹಾಗಾಗಿ ಎಚ್‌ಡಿ 650ಯನ್ನು ಅಲ್ಲಿಗೆ ಹಾಕ್ಬೇಡಿ.

ಮೂರನೆಯದು ನಿಜವಾಗಿ ಅಪಾಯದ್ದು. ಹಳೇ ಕ್ಲಾಸ್ ಎಬಿ ಆಂಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಚಾನೆಲ್‌ನ ಮೈನಸ್ ಒಳಗೆ ಒಂದೇ ಗ್ರೌಂಡ್. ಆದರೆ ಈಗ ಸಿಗುವ ಸಣ್ಣ ಕ್ಲಾಸ್ ಡಿ ಆಂಪ್‌ಗಳು, ಟಿಪಿಎ3116 ಚಿಪ್‌ನಂಥವು, ಬ್ರಿಡ್ಜ್ ಮಾದರಿ. ಅದರಲ್ಲಿ ಮೈನಸ್ ಎನ್ನುವ ಟರ್ಮಿನಲ್‌ನಲ್ಲೂ ಸಿಗ್ನಲ್ ಇರ್ತದೆ, ಸಪ್ಲೈನ ಅರ್ಧ ವೋಲ್ಟೇಜೂ ಇರ್ತದೆ. ಎಡ ಬಲದ ಮೈನಸ್ ಸೇರಿಸಿದರೆ, ಅಂದರೆ ಸಾದಾ ಮೂರು ತಂತಿಯ 6.35 ಎಂಎಂ ಪ್ಲಗ್‌ಗೆ ಅಡಾಪ್ಟರ್ ಮಾಡಿದರೆ, ಆಂಪ್ ಸುಡ್ತದೆ. ಬ್ಯಾಲೆನ್ಸ್ಡ್ ಹೆಡ್‌ಫೋನ್ ಆಂಪ್‌ಗೂ ಇದೇ ಮಾತು: ಬ್ಯಾಲೆನ್ಸ್ಡ್ ಜಾಕ್‌ನಿಂದ 6.35ಕ್ಕೆ ಇಳಿಸುವ ಅಡಾಪ್ಟರ್ ಅಂಗಡಿಯಲ್ಲಿ ಸಿಕ್ಕಿದರೂ ಕೊಳ್ಳಬೇಡಿ. ಉಲ್ಟಾ ದಿಕ್ಕಿನದು, ನಾಲ್ಕು ತಂತಿಯ ಕೇಬಲನ್ನು ಸಾದಾ ಜಾಕ್‌ಗೆ ಹಾಕುವುದು, ತೊಂದರೆ ಇಲ್ಲ.

ನಾಲ್ಕು ಪಿನ್ ಎಕ್ಸ್‌ಎಲ್‌ಆರ್: 1 ಎಡ ಪ್ಲಸ್, 2 ಎಡ ಮೈನಸ್, 3 ಬಲ ಪ್ಲಸ್, 4 ಬಲ ಮೈನಸ್. ಪಿನ್ ಪಕ್ಕದಲ್ಲೇ ಪ್ಲಾಸ್ಟಿಕ್ ಮೇಲೆ ಸಣ್ಣ ಅಂಕಿ ಅಚ್ಚಾಗಿರ್ತದೆ, ಅದನ್ನೇ ನಂಬಿ. ಮುಂದಿನಿಂದ ನೋಡಿದ್ದು ಹಿಂದಿನಿಂದ ತಿರುಗಿ ಕಾಣ್ತದೆ. 4.4 ಎಂಎಂ ಪ್ಲಗ್ ಆದರೆ ತುದಿಯಿಂದ ಇದೇ ಕ್ರಮ, ಕೊನೆಯ ಬುಡದ ಭಾಗ ಗ್ರೌಂಡ್, ಅದನ್ನು ಖಾಲಿ ಬಿಡಿ.

ಹೆಡ್‌ಫೋನ್ ತಂತಿ ಸಾಮಾನ್ಯವಾಗಿ ಇನ್ಯಾಮಲ್ ಬಳಿದ ಎಳೆಗಳದ್ದು. ಮೇಲಿನ ಲೇಪ ಸುಡದೆ ತವರ ಹಿಡಿಯುವುದಿಲ್ಲ. ಬೆಸುಗೆ ಕಡ್ಡಿ ಚೆನ್ನಾಗಿ ಕಾದಿರ್ಬೇಕು. ತುದಿಯಲ್ಲಿ ಒಂದು ಹನಿ ತವರ ನಿಲ್ಲಿಸಿ ಅದರೊಳಗೆ ತಂತಿ ಅದ್ದಿ ಹಿಡೀರಿ, ಕಂದು ಬಣ್ಣ ಹೋಗಿ ಬೆಳ್ಳಗೆ ಹೊಳೆಯುವವರೆಗೆ. ಹೀಟ್‌ಶ್ರಿಂಕ್ ಕೊಳವೆ ಮತ್ತು ಪ್ಲಗ್‌ನ ಹಿಂಬದಿ ಮುಚ್ಚಳ ಎರಡನ್ನೂ ಮೊದಲೇ ತಂತಿಗೆ ಪೋಣಿಸಿ.

ಮುಗಿದ ಮೇಲೆ ಹೆಡ್‌ಫೋನ್ ಸಿಕ್ಕಿಸಿ ಮಲ್ಟಿಮೀಟರ್ ಓಮ್‌ನಲ್ಲಿಡಿ. 1 ಮತ್ತು 2ರ ನಡುವೆ 60ರ ಆಸುಪಾಸು, 3 ಮತ್ತು 4ರ ನಡುವೆಯೂ ಅಷ್ಟೇ. 2 ಮತ್ತು 4ರ ನಡುವೆ ಏನೂ ತೋರಿಸಬಾರದು. ತೋರಿಸಿದರೆ ಎಲ್ಲೋ ಎಳೆ ತಾಗಿದೆ, ಆಂಪ್ ಹತ್ತಿರಕ್ಕೂ ತರ್ಬೇಡಿ. ದನಿ ಮಧ್ಯದಲ್ಲಿ ನಿಲ್ಲದೆ ತಲೆಯ ಎರಡು ಬದಿಗೆ ಹರಡಿ ಬಾಸ್ ಕಾಣೆಯಾದರೆ, ಒಂದು ಬದಿಯ ಪ್ಲಸ್ ಮೈನಸ್ ಅದಲುಬದಲು.

ಸ್ಪೀಕರ್ ಆಂಪ್ ಆನ್ ಮಾಡಿ ರಿಲೇ ಟಕ್ಕೆಂದ ಮೇಲೆ ಹೆಡ್‌ಫೋನ್ ಸಿಕ್ಕಿಸಿ. ವಾಲ್ಯೂಮ್ ಸೊನ್ನೆಯಲ್ಲಿರಲಿ ಎಂದು ಹೇಳ್ಬೇಕಾಗಿಲ್ಲ ಅಲ್ವಾ.

ಮೂರುಪಿನ್ನು

ಯಾರೂ ಪವರ್ ವಿಚಾರ ಎತ್ತಿಲ್ಲ. ನಮ್ಮ ಕಡೆ ಅರ್ಧ ದೂರು ಅಲ್ಲಿಂದಲೇ ಬರೋದು.

ಅಮೆರಿಕದಿಂದ ತರಿಸೋ ಸಣ್ಣ ಆಂಪ್‌ಗಳ ಅಡಾಪ್ಟರ್ ನೋಡಿ. ಶಿಟ್ (Schiit) ಮ್ಯಾಗ್ನಿ, ಜೆಡಿಎಸ್ ಆಟಮ್ ಥರದವು ತಗೊಳ್ಳೋದು 16 ವೋಲ್ಟ್ ಎಸಿ, ಡಿಸಿ ಅಲ್ಲ. 115 ವೋಲ್ಟ್‌ನ ಅಡಾಪ್ಟರನ್ನ ನಮ್ಮ 230ಕ್ಕೆ ಹಾಕಿದರೆ ಹೊಗೆ. ರೂಟರ್‌ದು ಡಿಸಿ ಅಡಾಪ್ಟರ್ ಪಿನ್ ಹೊಂದುತ್ತೆ ಅಂತ ಹಾಕಿದರೆ ಆಂಪ್ ಓಡಲ್ಲ, ಪ್ಲಸ್ ಮೈನಸ್ ಎರಡೂ ರೈಲ್ (ಆಂಪ್‌ನ ಒಳಗಿನ ಸಪ್ಲೈ ವೋಲ್ಟೇಜ್) ಎಸಿಯಿಂದಲೇ ಹುಟ್ಟಬೇಕು.

ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಕೇಳ್ತೀರಾ? ಚೌಕಾಕಾರದ ಅಲೆ ಕೊಡೋ ಹಳೇ ಇನ್ವರ್ಟರ್ ಆದರೆ ಟ್ರಾನ್ಸ್‌ಫಾರ್ಮರ್ ಗೊರ್ರೆನ್ನುತ್ತೆ, ಬಿಸಿಯಾಗುತ್ತೆ. ಇನ್ನೊಂದು ಜನಕ್ಕೆ ಗೊತ್ತಾಗದ್ದು: 230 ವೋಲ್ಟ್ ಸೈನ್ ಅಲೆಯ ತುದಿ 325 ವೋಲ್ಟ್, ಚೌಕದ ಅಲೆಯ ತುದಿ 230ರ ಹತ್ತಿರವೇ. ಆಂಪ್‌ನ ಒಳಗಿನ ರೈಲ್ ತುದಿಯ ವೋಲ್ಟೇಜಿಗೆ ತುಂಬೋದು. ಹಾಗಾಗಿ ರೈಲ್ ಶೇಕಡ 30 ಬೀಳುತ್ತೆ. ಎಚ್‌ಡಿ 650ಗೆ ಗೊತ್ತಾಗಲ್ಲ, ಸುಸ್ವರಾಗೆ ಇದ್ದ ಅಂಚೂ ಹೋಯ್ತು. ಸೈನ್ ವೇವ್ ಇನ್ವರ್ಟರ್ ಇದ್ದರೆ ಚಿಂತೆ ಇಲ್ಲ.

ಗುಂಯ್ ಅನ್ನೋ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಸದ್ದು ನಿಂತರೆ ಅರ್ಥ್ ಲೂಪ್, ಅಂದರೆ ಎರಡು ದಾರಿಯಲ್ಲಿ ಅರ್ಥ್ ಸೇರಿ ಸುತ್ತು ಆಗಿದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ತನ್ನಿ. ಹೋಗದಿದ್ದರೆ ಯುಎಸ್‌ಬಿ ಐಸೊಲೇಟರ್, ಇಲ್ಲಾಂದರೆ ಆಪ್ಟಿಕಲ್ ಕೇಬಲ್. ಅರ್ಥ್ ಪಿನ್ ಮುರಿಯೋ ಬುದ್ಧಿವಂತಿಕೆ ಯಾರು ಹೇಳಿದರೂ ಮಾಡಬೇಡಿ, ಅದರಲ್ಲೂ ವಾಲ್ವ್ ಆಂಪ್‌ನಲ್ಲಿ. ಆಂಪ್‌ನ ಲೋಹದ ಮೈ ಬೆರಳಿನಿಂದ ಸವರಿದಾಗ ಝುಮ್ಮೆನ್ನುತ್ತಾ? ಎರಡು ಪಿನ್ ಚಾರ್ಜರ್‌ನ ಸೋರಿಕೆ, ಅಥವಾ ಗೋಡೆಯ ಸಾಕೆಟ್‌ನಲ್ಲಿ ಅರ್ಥ್ ತಂತಿಯೇ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿ. ಫ್ಯಾನ್ ರೆಗ್ಯುಲೇಟರ್ ತಿರುಗಿಸಿದಾಗ ಮಾತ್ರ ಸದ್ದು ಬದಲಾದರೆ ಆ ಲೈನ್ ಬಿಟ್ಟು ಬೇರೆ ಸಾಕೆಟ್ ನೋಡಿ.

ಹಳೇರಾಗ

ಅಂಕಿ ಎಲ್ಲ ಸರಿ ಗುರುಗಳೇ. ಆದರೆ 2 ವ್ಯಾಟ್ ಕೊಡೋ ಎರಡು ಆಂಪ್‌ಗಳ ದನಿ ಬೇರೆ ಬೇರೆ ಕೇಳುತ್ತಲ್ಲ? ಸುಸ್ವರಾಗೆ ದೊಡ್ಡ ಆಂಪ್ ಹಾಕಿದಾಗ ವೇದಿಕೆ (ದನಿಗಳು ಎಡ ಬಲ ಹರಡಿ ಕೂತ ಅನುಭವ) ತೆರೆದುಕೊಳ್ಳುತ್ತೆ. ಅದು ಯಾವ ಡಿಬಿಯಲ್ಲೂ ಸಿಗಲ್ಲ.

ವೋಲ್ಟೇಜಪ್ಪ

@ಹಳೇರಾಗ, ಬೇರೆ ಕೇಳಬಹುದು, ಇಲ್ಲ ಅನ್ನಲ್ಲ. ಮೊದಲು ಮಟ್ಟ ಸಮ ಮಾಡಿ ಕೇಳಿ. ಅರ್ಧ ಡಿಬಿ ಜಾಸ್ತಿ ಇದ್ದರೆ ಅದು ಜೋರು ಅಂತ ಅನ್ನಿಸಲ್ಲ, ಚೆನ್ನಾಗಿದೆ ಅಂತ ಅನ್ನಿಸುತ್ತೆ. ಎಲ್ಲ ಆಂಪ್ ಹೋಲಿಕೆಗಳೂ ಕೆಡೋದು ಅಲ್ಲೇ.

ವಿಧಾನ: ಹೆಡ್‌ಫೋನ್ ಸಿಕ್ಕಿಸಿಯೇ ಅಳೆಯಬೇಕು, ಖಾಲಿ ಜಾಕ್‌ನ ವೋಲ್ಟ್ ಲೆಕ್ಕಕ್ಕೆ ಬರಲ್ಲ. ಒಂದಕ್ಕೆರಡು ಸ್ಪ್ಲಿಟರ್ ಹಾಕಿ, ಒಂದರಲ್ಲಿ ಹೆಡ್‌ಫೋನ್, ಇನ್ನೊಂದರಲ್ಲಿ ಮುಚ್ಚಳ ಬಿಚ್ಚಿದ ಪ್ಲಗ್. ಅದರ ತುದಿಗೆ ಮತ್ತು ಬುಡಕ್ಕೆ ಮೊಸಳೆ ಕ್ಲಿಪ್‌ನಲ್ಲಿ ಮಲ್ಟಿಮೀಟರ್, ಎಸಿ ವೋಲ್ಟ್. ಬ್ಯಾಲೆನ್ಸ್ಡ್ ಆದರೆ ಪ್ಲಸ್ ಮತ್ತು ಮೈನಸ್ ನಡುವೆ, ಗ್ರೌಂಡ್‌ಗೆ ಅಲ್ಲ. 300 ಹರ್ಟ್ಸ್ ಸೈನ್ ಸ್ವರ ಹಾಕಿ. ಅಗ್ಗದ ಮೀಟರ್‌ಗಳು 50 ಹರ್ಟ್ಸ್‌ಗೆ ಮಾಡಿದ್ದು, 1000ಕ್ಕೆ ಹೋದರೆ ಸುಳ್ಳು ಹೇಳ್ತಾವೆ. 100ಕ್ಕೆ ಹಾಕಿದರೆ ಎಚ್‌ಡಿ 650ಯ ಅನುರಣನದ ಮೇಲೇ ಕೂತ ಹಾಗಾಗುತ್ತೆ. ಎರಡು ಆಂಪ್‌ನ ವೋಲ್ಟ್ ಶೇಕಡ 2ರ ಒಳಗೆ ಹೊಂದಿಸಿ, ಅದು 0.2 ಡಿಬಿ. ಆಮೇಲೆ ನಾಬ್ ಮುಟ್ಟದೆ, ಯಾವುದು ಓಡ್ತಿದೆ ಅಂತ ತಿಳಿಯದ ಹಾಗೆ ಬೇರೆಯವರ ಕೈಲಿ ಬದಲಿಸಿ ಕೇಳಿ. ಅಷ್ಟಾದ ಮೇಲೂ ವೇದಿಕೆ ತೆರೆದುಕೊಂಡರೆ ಇಲ್ಲಿ ಬರೀರಿ, ಮಾತಾಡೋಣ. ಚಿಕ್ಕ ಆಂಪ್ ಒಂದು ಪೀಕ್‌ನಲ್ಲಿ ಕ್ಲಿಪ್ ಆಗ್ತಿದ್ದರೆ ವ್ಯತ್ಯಾಸ ನಿಜವಾಗಿಯೂ ಇರುತ್ತೆ, ಆದರೆ ಅದಕ್ಕೆ ಕಾರಣ ಮೇಲೆ ಬರೆದ ವೋಲ್ಟ್, ಮಿಲಿಆಂಪ್‌ಗಳೇ.

ಶ್ರುತಿಪೆಟ್ಟಿಗೆ

ಸರಿ, ಮೊದಲನೇ ಆಂಪ್‌ಗೇ ಹೋಗ್ತೀನಿ, ಸುಸ್ವರಾ ಬ್ಯಾಲೆನ್ಸ್ಡ್‌ನಲ್ಲಿ. ಎಚ್‌ಡಿ 650ಗೂ ಬ್ಯಾಲೆನ್ಸ್ಡ್ ಕೇಬಲ್ ಬೇಕಾ? ಗೇನ್ ಸ್ವಿಚ್ ಎಲ್ಲಿಡಬೇಕು?

ವೋಲ್ಟೇಜಪ್ಪ

ಎಚ್‌ಡಿ 650ಗೆ ಬೇಡ, 6.35 ಜಾಕ್ ಸಾಕು. ಅಲ್ಲಿ 5.8 ವೋಲ್ಟ್ ಇದೆ, ಬೇಕಿರೋದು 4. ಬ್ಯಾಲೆನ್ಸ್ಡ್‌ನಲ್ಲಿ ವೋಲ್ಟ್ ಜೊತೆ ಔಟ್‌ಪುಟ್ ಇಂಪೀಡೆನ್ಸೂ ಎರಡರಷ್ಟಾಗುತ್ತೆ, ಲಾಭ ಏನಿಲ್ಲ. ಆಸೆಗೆ ಕೇಬಲ್ ಮಾಡೋದಾದರೆ ಕಪ್ ಕಡೆಯ ಎರಡು ಪಿನ್‌ನಲ್ಲಿ ಒಂದು ದಪ್ಪ, ಒಂದು ಸಣ್ಣ, ತಿರುವಿ ತುರುಕಬೇಡಿ.

ಗೇನ್: ಎಚ್‌ಡಿ 650ಗೆ ಲೋ. ಗೇನ್ ಒಂದು ಪಟ್ಟು ಇದ್ದರೂ ಡ್ಯಾಕ್‌ನ 2 ವೋಲ್ಟ್‌ಗೆ 109 ಡಿಬಿ ಬರುತ್ತೆ. ನಾಬ್ ಹನ್ನೆರಡರ ಆಚೆ ಹೋದರೆ ಹೋಗಲಿ, ಪಾಟ್ ಸಮವಾಗಿ ನಡೆಯೋದು ಅಲ್ಲೇ. ತೀರ ತಗ್ಗಿದ ರೇಡಿಯೋ ಮುದ್ರಣ ಬಂದಾಗ ಹೈ ಮಾಡಿ, ಅದೂ ನಾಬ್ ಇಳಿಸಿದ ಮೇಲೆ. ಸುಸ್ವರಾಗೆ ಡ್ಯಾಕ್‌ನಿಂದ ಎಕ್ಸ್‌ಎಲ್‌ಆರ್ 4 ವೋಲ್ಟ್, ಗೇನ್ ಹೈ. 10 ವೋಲ್ಟ್ ತಲುಪೋಕೆ ಎರಡೂವರೆ ಪಟ್ಟು ಬೇಕು, ಲೋ ಗೇನ್‌ನಲ್ಲಿ ಅದು ಸಿಗಲ್ಲ. ಸುಸ್ವರಾ ತೆಗೆದು ಎಚ್‌ಡಿ 650 ಹಾಕುವಾಗ ಗೇನ್ ವಾಪಸ್ ಲೋಗೆ ತನ್ನಿ. ಅದೇ ಮಟ್ಟದಲ್ಲಿ ಬಿಟ್ಟರೆ 8 ಡಿಬಿ ಜೋರಾಗಿ ಕಿವಿಗೆ ಬಡಿಯುತ್ತೆ.